ಕಾಗದದ ನಾರು ಮಲಗಿದ ದಿಕ್ಕು

ನಾನು ಕೈಯಿಂದ ಪುಸ್ತಕ ಹೊಲಿದು ರಟ್ಟು ಕಟ್ಟುವ ಕೆಲಸ ಮಾಡುತ್ತೇನೆ. ಬರೆಯುವವರಿಗೆ ಖಾಲಿ ಹಾಳೆಯ ಪುಸ್ತಕ, ಚಿತ್ರ ಬಿಡಿಸುವವರಿಗೆ ದಪ್ಪ ಹಾಳೆಯ ಪುಸ್ತಕ, ಆಗೊಮ್ಮೆ ಈಗೊಮ್ಮೆ ಬೆನ್ನು ಕಳಚಿದ ಹಳೆಯ ಪುಸ್ತಕದ ದುರಸ್ತಿ, ಇಷ್ಟೇ ನನ್ನ ಕಸುಬಿನ ವ್ಯಾಪ್ತಿ. ಬಹಳ ಕಾಲ ನನ್ನಿಂದ ಕೊಳ್ಳುತ್ತಿದ್ದವರೆಲ್ಲ ಪರಿಚಯದವರು ಅಥವಾ ಅವರ ಪರಿಚಯದವರು. ಅವರು ಪುಸ್ತಕವನ್ನು ಕೈಗೆತ್ತಿಕೊಂಡು ಬಿಡಿಸಿ ನೋಡುತ್ತಿದ್ದರು, ಹಾಳೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡುತ್ತಿದ್ದರು, ಬೇಕೆನಿಸಿದರೆ ಕೊಳ್ಳುತ್ತಿದ್ದರು. ನಾನು ಬಾಯಿ ತೆರೆಯಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಕೈಕೆಲಸದವರನ್ನು ಕೊಳ್ಳುವವರೊಂದಿಗೂ ಕಲಿಯಬಯಸುವವರೊಂದಿಗೂ ಜೋಡಿಸುವ ಆನ್‌ಲೈನ್ ಬಳಗವೊಂದನ್ನು ಎರಡು ವರ್ಷಗಳ ಹಿಂದೆ ಸೇರಿದಾಗ ಮೊದಲು ಎದುರಾದ ಕಷ್ಟ ಇದೇ. ಅಲ್ಲಿ ಪುಸ್ತಕವನ್ನು ಯಾರೂ ಮುಟ್ಟಲಾರರು, ಆದ್ದರಿಂದ ಮುಟ್ಟಿದಾಗ ತಿಳಿಯುತ್ತಿದ್ದುದನ್ನೆಲ್ಲ ನಾನು ಮಾತಿನಲ್ಲಿ ಹೇಳಬೇಕಾಗಿತ್ತು.

ಸೇರುವ ವಿಧಿಗಳು ಕಷ್ಟದವೇನೂ ಆಗಿರಲಿಲ್ಲ. ಹೆಸರು, ಗುರುತಿನ ಪುರಾವೆ, ಹಣ ಬರಬೇಕಾದ ಖಾತೆ, ಕೆಲಸ ನಡೆಯುತ್ತಿರುವಾಗ ತೆಗೆದ ಐದು ಚಿತ್ರಗಳು. ಅರ್ಜಿಯಲ್ಲಿದ್ದ ಒಂದು ಪ್ರಶ್ನೆ ಮಾತ್ರ ನನ್ನನ್ನು ಅರ್ಧ ದಿನ ಹಿಡಿದು ಕೂರಿಸಿತು: ಈ ವಸ್ತುವಿನ ಯಾವ ಭಾಗ ನಿಮ್ಮ ಕೈಯಿಂದ ಆದದ್ದು, ಯಾವ ಭಾಗ ಕೊಂಡು ತಂದದ್ದು? ಹಾಳೆ ಗಿರಣಿಯದು, ರಟ್ಟು ಗಿರಣಿಯದು, ದಾರ ಇನ್ನಾರೋ ನೂತದ್ದು, ಹೊದಿಕೆಯ ಬಣ್ಣದ ಕಾಗದ ಬೇರೊಬ್ಬ ಕಲಾವಿದರದು. ಮಡಚುವುದು, ಚುಚ್ಚುವುದು, ಹೊಲಿಯುವುದು, ಅಂಟಿಸುವುದು, ಒತ್ತಡದಲ್ಲಿಟ್ಟು ಒಣಗಿಸುವುದು ಮಾತ್ರ ನನ್ನದು. ಇದನ್ನು ‘ಕೈಯಿಂದ ಮಾಡಿದ್ದು’ ಎನ್ನಬಹುದೇ ಎಂಬ ಅನುಮಾನ ನನ್ನೊಬ್ಬರಿಗೆ ಬಂದದ್ದಲ್ಲ. ಕೈಕೆಲಸದ ವಸ್ತುಗಳ ಮಾರಾಟಕ್ಕೆಂದೇ 2005ರಲ್ಲಿ ಆರಂಭವಾದ ಎಟ್ಸಿ ಎಂಬ ಜಾಲತಾಣ, 2013ರಲ್ಲಿ ನಿಯಮವನ್ನು ಸಡಿಲಿಸಿ, ಮಾರುವವರು ತಮ್ಮ ವಿನ್ಯಾಸವನ್ನು ಹೊರಗಿನ ತಯಾರಕರಿಂದ ಮಾಡಿಸಿಕೊಳ್ಳಲು ಅವಕಾಶ ಕೊಟ್ಟಾಗ ಅಲ್ಲಿನ ಕುಶಲಕರ್ಮಿಗಳಲ್ಲಿ ಎದ್ದ ಜಗಳವೂ ಇದೇ ಪದದ ಸುತ್ತಲಿನದು. ಬೇರೆಯವರ ನೆರವು ಪಡೆಯುವುದು ತಪ್ಪಲ್ಲ, ಅದನ್ನು ಮರೆಮಾಚುವುದು ತಪ್ಪು ಎಂಬುದು ನನ್ನ ನಿಲುವು. ಬಣ್ಣದ ಕಾಗದ ಮಾಡಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ನನ್ನ ಹೆಸರಿನ ಪಕ್ಕದಲ್ಲಿಯೇ ಬರೆದೆ. ಇದೂ ನನ್ನ ಸ್ವಂತ ಯೋಚನೆಯಲ್ಲ. 1888ರಲ್ಲಿ ಲಂಡನ್ನಿನಲ್ಲಿ ಮೊದಲ ಪ್ರದರ್ಶನ ನಡೆಸಿದ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಪ್ರದರ್ಶನ ಸಂಘವು ತನ್ನ ಪಟ್ಟಿಯಲ್ಲಿ ವಿನ್ಯಾಸಕಾರರ ಹೆಸರಿನೊಂದಿಗೆ ಅದನ್ನು ಕೈಯಾರೆ ಮಾಡಿದವರ ಹೆಸರನ್ನೂ ಅಚ್ಚು ಹಾಕಿಸುತ್ತಿತ್ತು. ಆ ಸಂಘಕ್ಕೆ ಹೆಸರು ಸೂಚಿಸಿದ ಕಾಬ್ಡೆನ್-ಸ್ಯಾಂಡರ್ಸನ್ ಅವರು ವಕೀಲಿ ಬಿಟ್ಟು ಪುಸ್ತಕ ಕಟ್ಟುವುದನ್ನು ಕಲಿತವರು ಎಂಬುದು ನನಗೆ ತುಸು ಹೆಚ್ಚೇ ಇಷ್ಟವಾದ ಸಂಗತಿ.

ಮುಂದಿನದು ವಿವರಣೆ. ಮೊದಲ ಸಲ ನಾನು ಬರೆದದ್ದು ‘ಉತ್ತಮ ಗುಣಮಟ್ಟದ ಸುಂದರ ಪುಸ್ತಕ’ ಎಂದು. ಬರೆದು ಮುಗಿಸಿ ಓದಿದಾಗ, ಆ ಸಾಲನ್ನು ಗಿರಣಿಯ ಪುಸ್ತಕಕ್ಕೂ ಹಾಗೆಯೇ ಅಂಟಿಸಬಹುದು ಎನ್ನಿಸಿತು. ಅದನ್ನು ಅಳಿಸಿ, ಎದುರಿಗೆ ಪುಸ್ತಕವನ್ನಿಟ್ಟುಕೊಂಡು, ಅದನ್ನು ಕಾಣದವರಿಗೆ ದೂರವಾಣಿಯಲ್ಲಿ ಹೇಳುವಂತೆ ಬರೆಯತೊಡಗಿದೆ. 148 ಮಿಲಿಮೀಟರ್ ಅಗಲ, 210 ಮಿಲಿಮೀಟರ್ ಎತ್ತರ. ನಾಲ್ಕು ಹಾಳೆಗಳನ್ನು ಒಂದರೊಳಗೊಂದು ಇರಿಸಿ ನಡುವೆ ಮಡಚಿದರೆ ಒಂದು ಕಂತೆ, ಅದರಲ್ಲಿ 16 ಪುಟ. ಅಂತಹ ಎಂಟು ಕಂತೆಗಳು, ಒಟ್ಟು 128 ಪುಟ. ಹಾಳೆ ಚದರ ಮೀಟರಿಗೆ 120 ಗ್ರಾಂ ತೂಕದ್ದು, ಶಾಯಿ ಪೆನ್ನಿನಿಂದ ಬರೆದರೆ ಹಿಂಬದಿಗೆ ಇಳಿಯುವುದಿಲ್ಲ. ಇದನ್ನು ಬರೆಯುವ ಮೊದಲು ಮೂರು ಬಗೆಯ ಶಾಯಿಯಲ್ಲಿ ಬರೆದು ನೋಡಿದೆ. ಹೊಲಿಗೆ ಕಾಪ್ಟಿಕ್, ಅಂದರೆ ಈಜಿಪ್ಟಿನ ಕ್ರೈಸ್ತರು ಮೊದಲ ಸಹಸ್ರಮಾನದ ಆರಂಭದ ಶತಮಾನಗಳಲ್ಲಿ ಬಳಸುತ್ತಿದ್ದ ಸರಪಳಿ ಹೊಲಿಗೆಯ ಪರಂಪರೆಯದು. ಪುಸ್ತಕ ಯಾವ ಪುಟದಲ್ಲಿ ತೆರೆದರೂ ಮೇಜಿನ ಮೇಲೆ ಸಪಾಟಾಗಿ ಮಲಗುತ್ತದೆ. ಕೊನೆಯಲ್ಲಿ ಇನ್ನೊಂದು ಸಾಲನ್ನು ಸೇರಿಸಿದ್ದು ಒಬ್ಬ ಕೊಳ್ಳುಗರು ಪ್ರಶ್ನೆ ಕೇಳಿದ ಮೇಲೆ: ‘ಬೆನ್ನಿಗೆ ಬಟ್ಟೆ ಹೊದಿಸಿಲ್ಲ, ಹೊಲಿಗೆ ಹೊರಗೆ ಕಾಣುತ್ತದೆ, ಇದು ಅರ್ಧಕ್ಕೆ ಬಿಟ್ಟ ಕೆಲಸವಲ್ಲ, ಈ ಹೊಲಿಗೆಯ ರೀತಿಯೇ ಹೀಗೆ.’

ಚಿತ್ರಗಳ ವಿಷಯದಲ್ಲಿ ಕಲಿತದ್ದು ಸ್ವಲ್ಪವೇ, ಆದರೆ ಉಪಯೋಗಕ್ಕೆ ಬಂತು. ಮೇಲಿನಿಂದ ಬೀಳುವ ವಿದ್ಯುದ್ದೀಪದಲ್ಲಿ ದಾರದ ಉಬ್ಬು ಮಾಯವಾಗುತ್ತದೆ; ಕಿಟಕಿಯ ಪಕ್ಕದಲ್ಲಿಟ್ಟು, ನೇರ ಬಿಸಿಲು ತಾಗದಂತೆ ಓರೆಯಾಗಿ ಬೆಳಕು ಬಿದ್ದರೆ ಪ್ರತಿ ಕೊಂಡಿಯೂ ನೆರಳಿನೊಂದಿಗೆ ಎದ್ದು ಕಾಣುತ್ತದೆ. ಬಣ್ಣ ಒಂದೊಂದು ಪರದೆಯ ಮೇಲೆ ಒಂದೊಂದು ಬಗೆಯಾಗಿ ಕಾಣುವುದರಿಂದ ‘ನೀಲಿ’ ಎಂದಷ್ಟೇ ಬರೆಯದೆ ‘ಕಪ್ಪಿಗೆ ಹತ್ತಿರದ ನೀಲಿ’ ಎಂದು ಬರೆದೆ. ಒಂದು ಚಿತ್ರದಲ್ಲಿ ಪುಸ್ತಕ ನನ್ನ ಕೈಯಲ್ಲಿರುತ್ತದೆ, ಏಕೆಂದರೆ ಮಿಲಿಮೀಟರ್ ಲೆಕ್ಕವನ್ನು ಓದಿಯೂ ಗಾತ್ರವನ್ನು ಊಹಿಸಲಾಗದವರೇ ಹೆಚ್ಚು.

ಬೆಲೆ ಕಟ್ಟುವಾಗ ನಾನು ಮಾಡಿದ ತಪ್ಪನ್ನು ಬಹುಶಃ ಎಲ್ಲರೂ ಮಾಡುತ್ತಾರೆ. ಹೊಲಿಯುವ ಹೊತ್ತನ್ನಷ್ಟೇ ಲೆಕ್ಕ ಹಾಕಿದೆ. ಗಡಿಯಾರವಿಟ್ಟು ನೋಡಿದಾಗ ಒಂದು ಪುಸ್ತಕಕ್ಕೆ 3 ಗಂಟೆ 40 ನಿಮಿಷ ಬೇಕಾಯಿತು, ಹೊಲಿಗೆಗೆ ಹೋದದ್ದು ಅದರಲ್ಲಿ 50 ನಿಮಿಷ ಮಾತ್ರ. ಚಿತ್ರ ತೆಗೆಯುವುದು, ಕೇಳಿದ ಪ್ರಶ್ನೆಗಳಿಗೆ ಉತ್ತರಿಸುವುದು, ಮೂಲೆ ಜಜ್ಜಿಹೋಗದಂತೆ ಎರಡು ರಟ್ಟಿನ ತುಂಡುಗಳ ನಡುವೆ ಸುತ್ತಿ ಕಳಿಸುವುದು ಇದರ ಹೊರಗೆ. ಜೊತೆಗೆ ಪ್ರತಿ ಮಾರಾಟದಲ್ಲಿಯೂ ಜಾಲದವರ ಪಾಲಿರುತ್ತದೆ, ಅದು ಎಂದು ಬೇಕಾದರೂ ಏರಬಹುದು. ಎಟ್ಸಿ 2022ರ ಏಪ್ರಿಲಿನಲ್ಲಿ ತನ್ನ ಪಾಲನ್ನು ಶೇಕಡಾ 5ರಿಂದ 6.5ಕ್ಕೆ ಏರಿಸಿದಾಗ ಸಾವಿರಾರು ಮಾರಾಟಗಾರರು ಪ್ರತಿಭಟನೆಯಾಗಿ ಕೆಲವು ದಿನ ತಮ್ಮ ಅಂಗಡಿಗಳನ್ನು ಮುಚ್ಚಿದ್ದರು. ಮೊದಲ ಆರು ಪುಸ್ತಕಗಳನ್ನು ನಾನು ನಷ್ಟದಲ್ಲಿಯೇ ಮಾರಿದೆ. ಏಳನೆಯದರಿಂದ ಬೆಲೆ ಏರಿಸಿದೆ, ಏಕೆಂದು ಯಾರೂ ಕೇಳಲಿಲ್ಲ.

ಒಬ್ಬರು ಮಾತ್ರ ಬೆಲೆಯಲ್ಲದ ಇನ್ನೊಂದು ವಿಷಯ ಕೇಳಿದರು. ಪುಸ್ತಕ ತಲುಪಿದ ಮೂರನೆಯ ವಾರ ಅವರಿಂದ ಒಂದು ಚಿತ್ರ ಬಂತು. ಮುಂದಿನ ರಟ್ಟು ದೋಣಿಯಂತೆ ಹೊರಬದಿಗೆ ಬಾಗಿತ್ತು. ಮೇಜಿನಿಂದ ಅದರ ಅಂಚು ಎಷ್ಟು ಎದ್ದಿದೆ ಎಂದು ಅವರೇ ಅಳತೆಪಟ್ಟಿ ಇಟ್ಟು ತೋರಿಸಿದ್ದರು, 6 ಮಿಲಿಮೀಟರ್. ‘ಇದು ಹೀಗೇ ಇರಬೇಕೆ?’ ಎಂದಷ್ಟೇ ಕೇಳಿದ್ದರು. ತೇವದ ಹವೆಯಲ್ಲಿ ಕಾಗದ ಹೀಗೆ ಬಾಗುವುದುಂಟು, ಕೆಲವು ದಿನ ಭಾರದ ಕೆಳಗಿಡಿ, ಬೇಕಿದ್ದರೆ ಬದಲಿ ಪುಸ್ತಕ ಕಳಿಸುತ್ತೇನೆ ಎಂದು ಉತ್ತರಿಸಿದೆ. ಆಗಲೇ ಬರೆಯಲು ಆರಂಭಿಸಿದ್ದೇನೆ, ಬದಲಿ ಬೇಡ ಎಂದರು. ಹವೆಯ ಮೇಲೆ ಹೊರಿಸಿ ನಾನು ಅದನ್ನು ಮರೆತೆ.

ಆನ್‌ಲೈನಿನಲ್ಲಿ ಕಾರ್ಯಾಗಾರ ನಡೆಸುವಿರಾ ಎಂದು ಬಳಗದಿಂದ ಕರೆ ಬಂದದ್ದು ಐದು ತಿಂಗಳ ನಂತರ. ಹಿಂಜರಿದೆ. ಮಾಡುವ ಬಗೆಯನ್ನು ಹೇಳಿಕೊಟ್ಟ ಮೇಲೆ ಕೊಳ್ಳುವವರು ಯಾರು ಎಂಬ ಲೆಕ್ಕಾಚಾರ ನನ್ನಲ್ಲಿಯೂ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ವಸ್ತುವನ್ನು ತೋರಿಸುವ ಜಾಗದಲ್ಲಿಯೇ ಅದನ್ನು ಮಾಡುವ ಬಗೆಯನ್ನೂ ತಿಳಿಸುವುದು ಹೊಸ ಪದ್ಧತಿಯಲ್ಲ. ಮೇಲೆ ಹೇಳಿದ 1888ರ ಪ್ರದರ್ಶನದಲ್ಲಿಯೇ ಸಂಜೆಗಳಲ್ಲಿ ಉಪನ್ಯಾಸಗಳು ನಡೆದಿದ್ದವು, ಅವುಗಳಲ್ಲಿ ಒಂದು ಪುಸ್ತಕ ಕಟ್ಟುವ ಕಲೆಯ ಬಗ್ಗೆ ಕಾಬ್ಡೆನ್-ಸ್ಯಾಂಡರ್ಸನ್ ಅವರೇ ಮಾಡಿದ್ದು. ಐದು ವರ್ಷಗಳ ನಂತರ, 1893ರಲ್ಲಿ, ಅವರು ಡವ್ಸ್ ಬೈಂಡರಿಯನ್ನು ತೆರೆದರು. ಹೇಳಿಕೊಟ್ಟದ್ದರಿಂದ ಅವರ ಕಸುಬೇನೂ ಮುಳುಗಿರಲಿಲ್ಲ. ಒಪ್ಪಿಕೊಂಡೆ. ಎರಡು ಭಾನುವಾರ, ತಲಾ ಎರಡು ಗಂಟೆ, ಏಳು ಮಂದಿ.

ಸಾಮಗ್ರಿಗಳ ಪಟ್ಟಿಯನ್ನು ಹತ್ತು ದಿನ ಮೊದಲೇ ಕಳಿಸಿದೆ: ಎ4 ಹಾಳೆ 32, ಎರಡು ಮಿಲಿಮೀಟರ್ ದಪ್ಪದ ರಟ್ಟಿನ ತುಂಡು ಎರಡು, ಹೊದಿಕೆಗೆ ಬಣ್ಣದ ಕಾಗದ, ಒಳಮೈಗೆ ಸಾದಾ ಕಾಗದ, ಜೇನುಮೇಣ ಹಚ್ಚಿದ ನಾರಗಸೆಯ (ಲಿನನ್) ದಾರ, ಮೊಂಡು ಸೂಜಿ, ಚುಚ್ಚಲು ಮೊನಚಾದ ದಬ್ಬಳ, ಬಿಳಿ ಗೋಂದು, ಅಗಲದ ಕುಂಚ. ದಾರದ ಉದ್ದಕ್ಕೆ ಸೂತ್ರವನ್ನೂ ಕೊಟ್ಟೆ. ಕಂತೆಯ ಎತ್ತರವನ್ನು ಕಂತೆಗಳ ಸಂಖ್ಯೆಯಿಂದ ಗುಣಿಸಿ, ರಟ್ಟು ಕೂಡಿಸಲು ಮತ್ತು ಗಂಟು ಹಾಕಲು ಇನ್ನೂ ಮೂರು ಎತ್ತರ ಸೇರಿಸಬೇಕು. 21 ಸೆಂಟಿಮೀಟರಿನ ಎಂಟು ಕಂತೆಗಳಿಗೆ 231 ಸೆಂಟಿಮೀಟರ್. ಎಲ್ಲವನ್ನೂ ಹೇಳಿದ್ದೇನೆ ಎಂದುಕೊಂಡೆ.

ಮೊದಲ ಭಾನುವಾರ ಕ್ಯಾಮೆರಾದ ಪಾಠದಿಂದಲೇ ಶುರುವಾಯಿತು. ಎದುರಿಗಿಟ್ಟಿದ್ದರಿಂದ ನನ್ನ ಪರದೆಯಲ್ಲಿ ನನ್ನ ಕೈಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿ ಕಾಣುತ್ತಿದ್ದವು. ಅದನ್ನು ನೋಡುತ್ತಾ ನಾನು ಎಡವನ್ನು ಬಲವೆಂದೆ, ಬಲವನ್ನು ಎಡವೆಂದೆ, ಏಳು ಮಂದಿಯೂ ಮೊದಲ ಕಂತೆಯನ್ನು ತಲೆಕೆಳಗಾಗಿ ಹಿಡಿದರು. ಅವರಲ್ಲಿ ಒಬ್ಬರು ಎಡಗೈಯವರು, ಅವರು ಮಾತ್ರ ತಾಳ್ಮೆಯಿಂದ, ‘ನನಗೆ ಇದು ಅಭ್ಯಾಸವಾಗಿದೆ, ನೀವು ಮುಂದುವರಿಸಿ’ ಎಂದರು. ಬಿಡುವಿನಲ್ಲಿ ಕ್ಯಾಮೆರಾವನ್ನು ನನ್ನ ಭುಜದ ಮೇಲಿಂದ ಮೇಜನ್ನು ನೋಡುವಂತೆ ಕಟ್ಟಿ, ಎಡ ಬಲ ಎಂಬ ಮಾತುಗಳನ್ನೇ ಬಿಟ್ಟೆ. ಪುಸ್ತಕಕ್ಕೆ ತಲೆಯಿದೆ, ಬುಡವಿದೆ, ಬೆನ್ನಿದೆ, ತೆರೆಯುವ ಬಾಯಿಯಿದೆ. ‘ತಲೆಯ ಕಡೆಯ ಮೊದಲ ತೂತು’ ಎಂದರೆ ಎಡಗೈಯವರಿಗೂ ಬಲಗೈಯವರಿಗೂ ಒಂದೇ.

ಹೊಲಿಗೆಗೆ ಬಂದಾಗ ಕೇಳಿಬಂದ ಪ್ರಶ್ನೆಗಳು ನನ್ನನ್ನು ನಿಜವಾಗಿ ಕಂಗೆಡಿಸಿದವು. ‘ದಾರವನ್ನು ಎಷ್ಟು ಬಿಗಿ ಎಳೆಯಬೇಕು?’ ಇಷ್ಟು ವರ್ಷ ಎಳೆಯುತ್ತಾ ಬಂದಿದ್ದೇನೆ, ಎಷ್ಟು ಎಂದು ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ. ‘ಸಾಕಷ್ಟು’ ಎಂದೆ, ಉತ್ತರವಾಗಲಿಲ್ಲ ಎಂದು ನನಗೇ ತಿಳಿಯಿತು. ಎರಡು ಕಂತೆ ಹೊಲಿದು, ನನ್ನ ಕೈ ಏನು ಮಾಡುತ್ತಿದೆ ಎಂದು ನಾನೇ ಹೊರಗಿನವರಂತೆ ನೋಡಿದೆ. ಆಗ ಕಂಡದ್ದು ಇಷ್ಟು: ಕೈ ದಾರವನ್ನು ಎಂದೂ ಹಾಳೆಯಿಂದ ಹೊರಕ್ಕೆ ನೇರವಾಗಿ ಎಳೆಯುವುದಿಲ್ಲ, ಬೆನ್ನಿಗೆ ಸಮಾನಾಂತರವಾಗಿ, ಹೊಲಿಗೆ ಸಾಗುತ್ತಿರುವ ದಿಕ್ಕಿಗೇ ಎಳೆಯುತ್ತದೆ, ಹೊರಕ್ಕೆ ಎಳೆದರೆ ತೂತು ಹರಿಯುತ್ತದೆ. ಎರಡು ಕಂತೆಗಳ ನಡುವೆ ಸಂದು ಕಾಣದಷ್ಟು ಬಿಗಿ ಬೇಕು, ಬೆನ್ನು ನಡುವೆ ಗುಳಿ ಬಿದ್ದರೆ ಅತಿಯಾಯಿತು. ಹೀಗೆ ಹೇಳಿದ ಮೇಲೆ ಹೊಲಿಗೆಗಳು ನೆಟ್ಟಗಾದವು. ಎರಡು ಗಂಟೆಯ ಕಾರ್ಯಾಗಾರ ಮೂರಕ್ಕೆ ಹೋಯಿತು.

ಆದರೆ ಒಂದು ಸಣ್ಣ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬರು, ‘ನಿಮ್ಮ ಹಾಳೆ ತಾನಾಗಿ ಮಲಗುತ್ತದೆ, ನನ್ನದು ನಿಂತೇ ಇರುತ್ತದೆ, ಮಡಿಕೆಯೂ ಒರಟಾಗಿದೆ’ ಎಂದಿದ್ದರು. ಕಾಗದದ ಗುಣ ಎಂದುಬಿಟ್ಟೆ. ಅಂದು ಕೊನೆಯಲ್ಲಿ ರಟ್ಟುಗಳಿಗೆ ಹೊದಿಕೆ ಅಂಟಿಸಿ, ಒಂದು ವಾರ ಭಾರದ ಕೆಳಗಿಡಲು ಹೇಳಿ ಮುಗಿಸಿದೆವು. ಎರಡನೆಯ ಭಾನುವಾರ ಎಲ್ಲರೂ ರಟ್ಟುಗಳನ್ನು ಕ್ಯಾಮೆರಾದೆದುರು ಹಿಡಿದಾಗ ಮೂವರ ರಟ್ಟು ಬಾಗಿತ್ತು, ಅವುಗಳಲ್ಲಿ ಒಂದು ಮೂಲೆಯಿಂದ ಮೂಲೆಗೆ ತಿರುಚಿಕೊಂಡಿತ್ತು. ಅದನ್ನು ಕಂಡ ಕೂಡಲೇ ಕಾರಣ ಹೊಳೆಯಿತು. ನಾನು ಪಟ್ಟಿಯಲ್ಲಿ ಗ್ರೇನ್ ಎಂಬ ಪದವನ್ನೇ ಬರೆದಿರಲಿಲ್ಲ.

ಗಿರಣಿಯಲ್ಲಿ ಕಾಗದ ತಯಾರಾಗುವಾಗ ನೀರಿನಲ್ಲಿ ತೇಲುವ ನಾರುಗಳು ಯಂತ್ರ ಓಡುವ ದಿಕ್ಕಿಗೆ ಮುಖ ಮಾಡಿ ಮಲಗುತ್ತವೆ. ಆ ದಿಕ್ಕನ್ನೇ ನಾವು ಗ್ರೇನ್ ಎನ್ನುವುದು. ಒಂದೊಂದು ನಾರೂ ಒದ್ದೆಯಾದಾಗ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಬೆಳೆಯುವುದು ತೀರ ಕಡಿಮೆ. ಆದ್ದರಿಂದ ಗೋಂದು ಹಚ್ಚಿದ ಕಾಗದ ಗ್ರೇನಿಗೆ ಅಡ್ಡವಾಗಿ ಹಿಗ್ಗುತ್ತದೆ, ಹಾಗೆಯೇ ರಟ್ಟಿಗೆ ಅಂಟಿ, ಒಣಗುವಾಗ ಕುಗ್ಗುತ್ತಾ ರಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಹಾಳೆ, ರಟ್ಟು, ಹೊದಿಕೆ, ಒಳಮೈಯ ಕಾಗದ ಎಲ್ಲದರ ಗ್ರೇನ್ ಬೆನ್ನಿಗೆ ಸಮಾನಾಂತರವಾಗಿದ್ದರೆ ಹೊರಗಿನ ಎಳೆತವನ್ನು ಒಳಗಿನ ಕಾಗದ ಸರಿದೂಗಿಸುತ್ತದೆ. ಒಂದು ಉದ್ದ, ಒಂದು ಅಡ್ಡವಾದರೆ ರಟ್ಟು ತಿರುಚಿಕೊಳ್ಳುತ್ತದೆ. ಹಾಳೆಯ ಒರಟು ಮಡಿಕೆಗೂ ಇದೇ ಕಾರಣ. ಸಾಮಾನ್ಯವಾಗಿ ಸಿಗುವ ಎ4 ಹಾಳೆಯಲ್ಲಿ ಗ್ರೇನ್ 297 ಮಿಲಿಮೀಟರಿನ ಉದ್ದದ ಬದಿಗೆ ಇರುತ್ತದೆ. ಅದನ್ನು ನಡುವೆ ಮಡಚಿದರೆ ಮಡಿಕೆ ನಾರುಗಳನ್ನು ಅಡ್ಡಲಾಗಿ ಮುರಿಯುತ್ತದೆ. ನಾನು ಬಳಸುತ್ತಿದ್ದುದು ಎ3 ಹಾಳೆ. ಉದ್ದಕ್ಕೆ ಗ್ರೇನ್ ಇರುವ ಎ3ಯನ್ನು ಎರಡಾಗಿ ಕತ್ತರಿಸಿದರೆ ಸಿಗುವ ಎ4ರಲ್ಲಿ ಗ್ರೇನ್ 210 ಮಿಲಿಮೀಟರಿನ ಚಿಕ್ಕ ಬದಿಗೆ ಬರುತ್ತದೆ, ಮಡಿಕೆ ನಾರಿನ ಜೊತೆಯಲ್ಲಿಯೇ ಸಾಗುತ್ತದೆ. ಕತ್ತರಿಸುವ ಈ ಕೆಲಸವನ್ನು ನಾನು ಯೋಚಿಸದೆ ಮಾಡುತ್ತಿದ್ದೆ. ಯೋಚಿಸದೆ ಮಾಡುತ್ತಿದ್ದ ಕಾರಣಕ್ಕೇ ‘ಎ4 ಹಾಳೆ 32’ ಎಂದು ಬರೆದೆ.

ಅಂದು ಯೋಜಿಸಿದ್ದ ಪಾಠವನ್ನು ಬದಿಗಿಟ್ಟು, ಇದನ್ನೇ ಹೇಳಿದೆ, ತಪ್ಪು ನನ್ನದೆಂದೂ ಹೇಳಿದೆ. ಯಾರೂ ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೂ ನ್ಯಾಯವೇ. ಪ್ರತಿಯೊಬ್ಬರೂ ತಮ್ಮ ಕಾಗದದಿಂದ ಒಂದು ಚಿಕ್ಕ ಚೌಕ ಕತ್ತರಿಸಿ, ಕತ್ತರಿಸುವ ಮೊದಲು ಅದರ ತಲೆಯ ಕಡೆಗೆ ಗುರುತು ಮಾಡಿಕೊಂಡು, ಒಂದು ಮೈಯನ್ನು ಮಾತ್ರ ಒದ್ದೆ ಮಾಡಿದರು. ಕೆಲವೇ ಕ್ಷಣಗಳಲ್ಲಿ ಚೌಕ ಕೊಳವೆಯಂತೆ ಸುರುಳಿಯಾಗುತ್ತದೆ. ಕೊಳವೆ ಯಾವ ಕಡೆಗೆ ಉದ್ದವಾಗಿದೆಯೋ ಅದೇ ಗ್ರೇನಿನ ದಿಕ್ಕು. ಏಳು ಕಿಟಕಿಗಳಲ್ಲಿ ಏಳು ಕಾಗದದ ಕೊಳವೆಗಳು ಒಮ್ಮೆಲೇ ಸುತ್ತಿಕೊಂಡವು. ಎರಡು ಭಾನುವಾರಗಳಲ್ಲಿ ಅವರು ಅತಿ ಹೆಚ್ಚು ಸಂತೋಷಪಟ್ಟದ್ದು ಆ ಹತ್ತು ನಿಮಿಷಗಳಲ್ಲಿ ಎಂದು ನನ್ನ ಅನಿಸಿಕೆ. ಅದರ ನಂತರ ನಡೆಸಿದ ಎಲ್ಲ ಕಾರ್ಯಾಗಾರಗಳನ್ನೂ ನಾನು ಈ ಪರೀಕ್ಷೆಯಿಂದಲೇ ಆರಂಭಿಸುತ್ತೇನೆ, ಸೂಜಿ ಎರಡನೆಯದು. ಹಾಳೆ ಮತ್ತು ರಟ್ಟನ್ನು ನಾನೇ ಕತ್ತರಿಸಿ, ತಲೆಯ ಕಡೆಗೆ ಸೀಸದ ಕಡ್ಡಿಯಿಂದ ಬಾಣದ ಗುರುತು ಹಾಕಿ ಕಳಿಸುವ ಪದ್ಧತಿಯನ್ನೂ ಮಾಡಿಕೊಂಡೆ.

ಆ ಏಳು ಮಂದಿಯಲ್ಲಿ ಇಬ್ಬರು ಆಮೇಲೆ ನನ್ನಿಂದ ಪುಸ್ತಕ ಕೊಂಡರು. ತಾವೇ ಒಂದನ್ನು ಹೊಲಿದ ಮೇಲೆ ಬೆಲೆಯ ಬಗ್ಗೆ ಅವರಿಗೆ ಏನನ್ನೂ ವಿವರಿಸಬೇಕಾಗಿರಲಿಲ್ಲ. ಕೇಳಿದ್ದು ಹೊದಿಕೆಗೆ ಬಿಳಿ ಗೋಂದೇ ಅಥವಾ ಹಿಟ್ಟಿನ ಅಂಟೇ ಎಂದು. ಹಿಟ್ಟಿನ ಅಂಟು ನಿಧಾನವಾಗಿ ಒಣಗುವುದರಿಂದ ಕಾಗದವನ್ನು ಸರಿಸಿ ಕೂರಿಸಲು ಸಮಯ ಸಿಗುತ್ತದೆ, ಮುಂದೆ ದುರಸ್ತಿಗೆ ಬಂದಾಗ ನೀರಿನಿಂದ ಬಿಡಿಸಲೂ ಬರುತ್ತದೆ, ಅದಕ್ಕೇ ಹಿಟ್ಟಿನ ಅಂಟು ಎಂದೆ. ಮತ್ತೊಬ್ಬರು ಕೆಲವು ತಿಂಗಳಲ್ಲಿ ಅದೇ ಬಳಗದಲ್ಲಿ ತಮ್ಮ ಪುಸ್ತಕಗಳನ್ನು ಮಾರಾಟಕ್ಕೆ ಇಟ್ಟರು. ಮೊದಲ ದಿನ ಅದನ್ನು ಕಂಡಾಗ ಹೊಟ್ಟೆಯಲ್ಲಿ ಒಂದು ಸಣ್ಣ ಕಸಿವಿಸಿಯಾದದ್ದು ನಿಜ. ವಿವರಣೆಯನ್ನು ತೆರೆದು ಓದಿದೆ. ಮೂರನೆಯ ಸಾಲಿನಲ್ಲಿಯೇ ‘ಹಾಳೆ ಮತ್ತು ರಟ್ಟಿನ ಗ್ರೇನ್ ಬೆನ್ನಿಗೆ ಸಮಾನಾಂತರ’ ಎಂದಿತ್ತು. ನನ್ನ ವಿವರಣೆಯಲ್ಲಿ ಆ ಸಾಲು ಅಂದಿನವರೆಗೂ ಇರಲಿಲ್ಲ. ಉಳಿದವರಲ್ಲಿ ಕೆಲವರು ಮತ್ತೆ ಸೂಜಿ ಹಿಡಿದಂತೆ ಕಾಣಲಿಲ್ಲ, ಅದರಲ್ಲೂ ತಪ್ಪೇನಿಲ್ಲ.

ಆ ಸಾಲನ್ನು ನನ್ನ ವಿವರಣೆಗೆ ಸೇರಿಸುವಾಗ ಬಾಗಿದ ರಟ್ಟಿನ ಕೊಳ್ಳುಗರು ನೆನಪಾದರು. ಅವರ ಪುಸ್ತಕ ಕಟ್ಟಿದ ವಾರ ರಟ್ಟು ಮುಗಿಯುತ್ತಾ ಬಂದಿತ್ತು, ಕೊನೆಯ ತುಂಡುಗಳನ್ನು ವ್ಯರ್ಥ ಮಾಡಬಾರದೆಂದು ಅಡ್ಡಲಾಗಿ ಕತ್ತರಿಸಿದ್ದೆ. ಅದೇ ಹಾಳೆಯ ಒಂದು ಚೂರು ಇನ್ನೂ ಕಪಾಟಿನಲ್ಲಿತ್ತು; ಎರಡು ಕಡೆಗೂ ಬಗ್ಗಿಸಿ ನೋಡಿದಾಗ, ಯಾವ ಕಡೆಗೆ ಸುಲಭವಾಗಿ ಬಗ್ಗಬೇಕಿತ್ತೋ ಅದಕ್ಕೆ ಅಡ್ಡಲಾಗಿ ಬಗ್ಗಿತು. ಹವೆಯದೇನೂ ತಪ್ಪಿರಲಿಲ್ಲ. ವರ್ಷವಾಗುತ್ತಾ ಬಂದಿದ್ದರೂ ಅವರಿಗೆ ಬರೆದೆ, ಕಾರಣ ಇದು, ನಿಮಗೆ ಹೇಳಿದ್ದು ಸರಿಯಲ್ಲ ಎಂದು. ಪುಸ್ತಕ ಮುಕ್ಕಾಲು ತುಂಬಿದೆ, ಬದಲಿ ಈಗಲೂ ಬೇಡ, ಇದನ್ನು ನಾನೇ ನೆಟ್ಟಗೆ ಮಾಡಲು ಸಾಧ್ಯವೇ ಎಂದು ಅವರು ಕೇಳಿದರು.

ಪೂರ್ತಿ ಆಗುವುದಿಲ್ಲ, ಸ್ವಲ್ಪ ಆಗುತ್ತದೆ ಎಂದೆ. ಹೊರಗಿನ ಹೊದಿಕೆ ಎಳೆಯುತ್ತಿರುವುದರಿಂದ ಒಳಗಿನಿಂದ ಅಷ್ಟೇ ಎಳೆಯುವ ಇನ್ನೊಂದು ಕಾಗದ ಬೇಕು. ತೆಳುವಾದ ಕಾಗದವನ್ನು ರಟ್ಟಿನ ಒಳಮೈಯ ಗಾತ್ರಕ್ಕೆ, ಅದರ ಗ್ರೇನ್ ಹೊದಿಕೆಯ ಗ್ರೇನಿನ ದಿಕ್ಕಿಗೇ ಇರುವಂತೆ ಕತ್ತರಿಸಿ, ಹಿಟ್ಟಿನ ಅಂಟು ಹಚ್ಚಿ, ಐದು ನಿಮಿಷ ಬಿಟ್ಟು, ಅದು ಹಿಗ್ಗಿದ ಮೇಲೆ ಅಂಟಿಸಿ, ರಟ್ಟಿಗೂ ಪುಟಗಳಿಗೂ ನಡುವೆ ಹೀರುವ ಕಾಗದವಿಟ್ಟು ಮೂರು ದಿನ ಭಾರದ ಕೆಳಗಿಡಿ. ಇಷ್ಟನ್ನು ಎಂಟು ವಾಕ್ಯಗಳಲ್ಲಿ, ಎಡ ಬಲ ಎಂಬ ಪದವಿಲ್ಲದೆ ಬರೆದು ಕಳಿಸಿದೆ. ಗ್ರೇನ್ ತಿಳಿಯುವುದು ಹೇಗೆ ಎಂದು ಅವರು ಕೇಳುವ ಮೊದಲೇ ಒದ್ದೆ ಚೌಕದ ಪರೀಕ್ಷೆಯನ್ನೂ ಸೇರಿಸಿದ್ದೆ. ಆರನೆಯ ದಿನ ಚಿತ್ರ ಬಂತು, ಹಿಂದಿನಂತೆಯೇ ಮೇಜಿನ ಮೇಲೆ ಪುಸ್ತಕ, ಅಂಚಿನ ಬಳಿ ಅದೇ ಅಳತೆಪಟ್ಟಿ. ಕೆಳಗೆ ಒಂದೇ ಸಾಲು ಇತ್ತು: ‘ಇನ್ನು ಎರಡು ಮಿಲಿಮೀಟರ್ ಉಳಿದಿದೆ.’